ಪೈಪು ಸದ್ದು ಮಾಡಿದರೆ ಮೊದಲು ಕೇಳಬೇಕಾದ್ದು: ಯಾವಾಗ?

ಪ್ಲಂಬಿಂಗ್ ಕಲಿಯುತ್ತಾ ನನಗೋಸ್ಕರ ಬರೆದುಕೊಂಡ ಟಿಪ್ಪಣಿ ಇದು. ನಿಮಗೂ ಉಪಯೋಗಕ್ಕೆ ಬರಲಿ ಅಂತ ಸ್ವಲ್ಪ ಬಿಡಿಸಿ ಬರೆದಿದ್ದೇನೆ. ಪುಸ್ತಕದ ಕ್ರಮದಲ್ಲಿಲ್ಲ, ನನಗೆ ಅರ್ಥವಾದ ಕ್ರಮದಲ್ಲಿದೆ.

ಮೊದಲು ನಮ್ಮ ಮನೆಯದೇ ಕಥೆ. ನಾನು ಈ ಕೆಲಸ ಕಲಿಯುವ ಮುಂಚಿನದು. ರಾತ್ರಿ ಹೊತ್ತು ಬಚ್ಚಲುಮನೆ ಗೋಡೆಯೊಳಗೆ ಟಕ್, ಟಕ್ ಅಂತ ಸದ್ದು. ಒಳಗೆಲ್ಲೋ ನೀರು ತೊಟ್ಟಿಕ್ಕುತ್ತಿದೆ ಎಂದು ಅಪ್ಪನಿಗೆ ದಿಗಿಲು. ಮೇಸ್ತ್ರಿ ಬಂದರು, ಗೋಡೆಗೆ ಕಿವಿಯಿಟ್ಟರು, ಸದ್ದು ಜೋರಾಗಿದ್ದ ಕಡೆ ನಾಲ್ಕು ಟೈಲ್ಸ್ ಒಡೆದರು. ಒಳಗೆ ಒಂದು ಹನಿ ನೀರಿಲ್ಲ. ಅದೇ ಬಣ್ಣದ ಟೈಲ್ಸ್ ಮತ್ತೆ ಸಿಗಲಿಲ್ಲ. ಇವತ್ತಿಗೂ ಆ ಗೋಡೆಯಲ್ಲಿ ನಾಲ್ಕು ಟೈಲ್ಸ್ ಬೇರೆ ಬಣ್ಣದಲ್ಲಿವೆ.

ಸದ್ದು ಎಲ್ಲಿ ಬರುತ್ತದೆ ಎಂದು ಎಲ್ಲರೂ ಹುಡುಕಿದರು. ಯಾವಾಗ ಬರುತ್ತದೆ ಎಂದು ಯಾರೂ ಕೇಳಲಿಲ್ಲ. ಯಾರಾದರೂ ಬಿಸಿನೀರಿನ ಸ್ನಾನ ಮಾಡಿ ಬಂದಮೇಲೆ ಮಾತ್ರ ಅದು ಬರುತ್ತಿತ್ತು. ಮೊದಲು ಬೇಗ ಬೇಗ, ಆಮೇಲೆ ನಿಧಾನ, ಅರ್ಧ ಗಂಟೆಯಲ್ಲಿ ನಿಶ್ಶಬ್ದ. ಸೋರುವ ಹನಿ ಹೀಗೆ ಮಾಡೋದಿಲ್ಲ, ಒಂದೇ ತಾಳದಲ್ಲಿ ಬೀಳುತ್ತಲೇ ಇರುತ್ತದೆ. ತಾಳ ನಿಧಾನವಾಗುತ್ತಾ ಹೋದರೆ ಅದು ಪೈಪು ತಣ್ಣಗಾಗುವ ಸದ್ದು.

ಲೆಕ್ಕ ಹಾಕಿ ನೋಡಿ. ಬಿಸಿನೀರಿಗೆ ಈಗ ಹೆಚ್ಚಾಗಿ ಹಾಕುವುದು ಸಿಪಿವಿಸಿ ಎಂಬ ಪ್ಲಾಸ್ಟಿಕ್ ಪೈಪು. 3 ಮೀಟರ್ ಉದ್ದದ ಪೈಪು 25 ಡಿಗ್ರಿಯಿಂದ 60 ಡಿಗ್ರಿಗೆ ಬಿಸಿಯಾದರೆ ಸುಮಾರು 7 ಮಿಲಿಮೀಟರ್ ಉದ್ದವಾಗುತ್ತದೆ. ಅಷ್ಟೇ ಉದ್ದದ ಹಳೇ ಜಿಐ (ಸತು ಲೇಪಿಸಿದ ಕಬ್ಬಿಣದ) ಪೈಪು 1 ಮಿಲಿಮೀಟರಿಗಿಂತ ಸ್ವಲ್ಪ ಜಾಸ್ತಿ, ಅಷ್ಟೇ. ಸಿಮೆಂಟಿನಲ್ಲಿ ಬಿಗಿಯಾಗಿ ಮುಚ್ಚಿದ ಸಿಪಿವಿಸಿ ಆ 7 ಮಿಲಿಮೀಟರ್ ಹೋಗಿ ಬರಲು ಜಾಗವಿಲ್ಲದೆ ತಡೆದು ತಡೆದು ಜಾರುತ್ತದೆ. ಪ್ರತಿ ಜಾರುವಿಕೆಗೂ ಒಂದು ಟಕ್. ಹೊಸ ಕೆಲಸವಾದರೆ ಪೈಪಿಗೆ ಮೆತ್ತನೆಯ ಹೊದಿಕೆ ಸುತ್ತಿ ಗೋಡೆಯೊಳಗೆ ಇಡಬೇಕು. ಹಳೆಯದಾದರೆ ಸದ್ದಷ್ಟೇ, ಬೇರೆ ತೊಂದರೆ ಇಲ್ಲ. ಬಿಟ್ಟುಬಿಡಿ. ನಾವೂ ಬಿಟ್ಟಿದ್ದೇವೆ.

ಮನೆಯವರ ಬಾಯಿಯ ಪದ

ಕನ್ನಡದಲ್ಲಿ ನಮಗೊಂದು ಅನುಕೂಲವಿದೆ. "ಏನೋ ಸದ್ದು" ಎಂದು ಯಾರೂ ನಿಲ್ಲಿಸೋದಿಲ್ಲ. ಢಣ್ ಅನ್ನುತ್ತೆ, ಗೊಳಗೊಳ ಅನ್ನುತ್ತೆ, ಗುಂಯ್ ಅನ್ನುತ್ತೆ ಎಂದೇ ಹೇಳುತ್ತಾರೆ. ಆ ಪದವನ್ನು ಹಾಗೇ ಬರೆದುಕೊಳ್ಳಿ. ಪಕ್ಕದಲ್ಲಿ ಸಮಯ ಬರೆಯಿರಿ: ನಲ್ಲಿ ತೆರೆದಾಗಲೋ, ನೀರು ಹರಿಯುವಾಗಲೋ, ನಿಲ್ಲಿಸಿದ ಕ್ಷಣವೋ, ಯಾರೂ ಏನೂ ಮುಟ್ಟದೇ ಇದ್ದಾಗಲೋ. ಅರ್ಧ ಕೆಲಸ ಅಲ್ಲೇ ಮುಗಿಯಿತು. ಜಾಗ ಹುಡುಕುವುದು ಆಮೇಲೆ. ಉದ್ದನೆಯ ಸ್ಕ್ರೂಡ್ರೈವರಿನ ತುದಿ ಪೈಪಿಗಿಟ್ಟು, ಹಿಡಿ ಕಿವಿಗಿಟ್ಟರೆ ಚೆನ್ನಾಗಿ ಕೇಳುತ್ತದೆ. ಆದರೆ ಜಿಐ ಪೈಪು ಸದ್ದನ್ನು ದೂರಕ್ಕೆ ಹೊತ್ತೊಯ್ಯುತ್ತದೆ ಅನ್ನೋದು ನೆನಪಿರಲಿ. ಮಹಡಿಯ ಕಾಯಿಲೆ ಕೆಳಗಿನ ಅಡುಗೆಮನೆಯಲ್ಲಿ ಕೇಳಬಹುದು.

ಢಣ್: ನಿಲ್ಲಿಸಿದ ಕ್ಷಣ

ನಲ್ಲಿ ಮುಚ್ಚಿದ ಕೂಡಲೇ, ಅಥವಾ ವಾಷಿಂಗ್ ಮೆಷಿನ್ ನೀರು ತುಂಬಿ ನಿಂತ ಕೂಡಲೇ ಒಂದು ಪೆಟ್ಟು. ಇದಕ್ಕೆ ವಾಟರ್ ಹ್ಯಾಮರ್ ಎನ್ನುತ್ತಾರೆ. ಪೈಪಿನೊಳಗೆ ಓಡುತ್ತಿರುವ ನೀರಿಗೂ ತೂಕವಿದೆ, ಅಲ್ವಾ? ದಿಢೀರನೆ ತಡೆದರೆ ಅದು ವಾಲ್ವಿಗೆ ಬಂದು ಗುದ್ದುತ್ತದೆ. ಗುದ್ದಿದ ಒತ್ತಡ ಅಲೆಯಾಗಿ ಹಿಂದಕ್ಕೆ ಓಡುತ್ತದೆ. ರಷ್ಯಾದ ವಿಜ್ಞಾನಿ ನಿಕೊಲಾಯ್ ಝುಕೋವ್‌ಸ್ಕಿ 1897-98ರಲ್ಲಿ ಮಾಸ್ಕೋದ ನೀರಿನ ಪೈಪುಗಳ ಮೇಲೆ ಪ್ರಯೋಗ ಮಾಡಿ ಇದರ ಲೆಕ್ಕ ಕೊಟ್ಟರು. ಸೂತ್ರ ಸುಲಭ: ನೀರಿನ ಸಾಂದ್ರತೆ, ಪೈಪಿನಲ್ಲಿ ಅಲೆಯ ವೇಗ, ನೀರಿನ ವೇಗದಲ್ಲಾದ ಇಳಿಕೆ, ಈ ಮೂರನ್ನು ಗುಣಿಸಿದರೆ ಒತ್ತಡದ ಏರಿಕೆ.

ನಮ್ಮ ಮನೆಗಳಿಗೆ ಇದನ್ನು ಹಾಕೋಣ. ನಲ್ಲಿಗಿಂತ 7 ಮೀಟರ್ ಮೇಲೆ ಟ್ಯಾಂಕ್ ಇದ್ದರೆ ನಲ್ಲಿಯ ಹತ್ತಿರ ಇರುವ ಒತ್ತಡ ಸುಮಾರು 0.7 ಬಾರ್. ಸೆಕೆಂಡಿಗೆ 1 ಮೀಟರ್ ವೇಗದಲ್ಲಿ ಹರಿಯುವ ನೀರು ತಟ್ಟನೆ ನಿಂತರೆ, ಸಿಪಿವಿಸಿಯಲ್ಲಿ ಅಲೆಯ ವೇಗ ಸೆಕೆಂಡಿಗೆ ಸುಮಾರು 500 ಮೀಟರ್ ಆದ್ದರಿಂದ, ಏರುವ ಒತ್ತಡ ಸುಮಾರು 5 ಬಾರ್. ಜಿಐನಲ್ಲಿ ಅಲೆ ಇನ್ನೂ ಜೋರು, ಸುಮಾರು 1400 ಮೀಟರ್. ಅಲ್ಲಿ ಏರಿಕೆ 14 ಬಾರ್. 0.7 ಎಲ್ಲಿ, 14 ಎಲ್ಲಿ!

ಹಾಗಾದರೆ ಅಜ್ಜಿ ಮನೆಯ ಜಿಐ ಪೈಪು ಯಾಕೆ ಢಣ್ ಅನ್ನುತ್ತಿರಲಿಲ್ಲ? ನನಗೂ ಇದೇ ಗೊಂದಲ ಇತ್ತು. ಉತ್ತರ ಇರುವುದು ನಲ್ಲಿಯಲ್ಲಿ. ಹಳೇ ನಲ್ಲಿಯನ್ನು ನಾಲ್ಕೈದು ಸುತ್ತು ತಿರುಗಿಸಿ ಮುಚ್ಚಬೇಕಿತ್ತು. ಈಗಿನದು ಕಾಲು ಸುತ್ತಿಗೇ ಮುಚ್ಚುತ್ತದೆ. ಅಲೆ ಟ್ಯಾಂಕಿನವರೆಗೆ ಹೋಗಿ ವಾಪಸು ಬರುವುದರೊಳಗೆ ನಲ್ಲಿ ಮುಚ್ಚಿದ್ದರೆ ಪೂರ್ತಿ ಪೆಟ್ಟು, ನಿಧಾನವಾಗಿ ಮುಚ್ಚಿದಷ್ಟೂ ಪೆಟ್ಟು ಕಡಿಮೆ. 20 ಮೀಟರ್ ಸಿಪಿವಿಸಿ ಪೈಪಿಗೆ ಆ ಸಮಯ 0.08 ಸೆಕೆಂಡು. ಅದಕ್ಕೇ ತಟ್ಟನೆ ಮುಚ್ಚುವ ಮೆಷಿನ್ನಿನ ವಿದ್ಯುತ್ ವಾಲ್ವು, ಕೈಯಿಂದ ಮುಚ್ಚುವ ನಲ್ಲಿಗಿಂತ ಜಾಸ್ತಿ ಸದ್ದು ಮಾಡುವುದು.

ಪರಿಹಾರ: ಮೆಷಿನ್ನಿಗೆ ನೀರು ಬಿಡುವ ಆಂಗಲ್ ಕಾಕ್ ಸ್ವಲ್ಪ ಮುಚ್ಚಿ ವೇಗ ಇಳಿಸಿ. ವೇಗ ಅರ್ಧವಾದರೆ ಪೆಟ್ಟೂ ಅರ್ಧ. ಸಡಿಲವಾದ ಕ್ಲ್ಯಾಂಪ್ ಬಿಗಿ ಮಾಡಿ. ಎಷ್ಟೋ ಸಲ ಕೇಳಿಸುವ ಢಣ್ ನೀರಿನದಲ್ಲ, ಪೈಪು ಗೋಡೆಗೆ ಬಡಿದದ್ದು. ಪ್ರೆಶರ್ ಪಂಪ್ (ಪೈಪಿನ ಒತ್ತಡ ಇಳಿದಾಗ ತಾನೇ ಓಡುವ ಪಂಪ್) ಇರುವ ಮನೆಯಲ್ಲಿ ಇದನ್ನು ಅಲಕ್ಷ್ಯ ಮಾಡಬೇಡಿ, ಜಾಯಿಂಟು ಬಿಟ್ಟುಕೊಳ್ಳುತ್ತದೆ.

ಗುಂಯ್: ಹರಿಯುವಾಗ

ನಲ್ಲಿ ಅರ್ಧ ತೆರೆದಾಗ ಗುಂಯ್ ಎಂದು, ಪೂರ್ತಿ ತೆರೆದಾಗ ನಿಂತರೆ, ಅದು ಸಡಿಲವಾದ ವಾಷರ್. ಬದಲಾಯಿಸಿ, ಮುಗಿಯಿತು.

ಬೆಂಗಳೂರಿನವರಿಗೆ ಇನ್ನೊಂದು ಗೊತ್ತಿರುತ್ತದೆ. ರಾತ್ರಿ ಎರಡು ಗಂಟೆಗೆ ಕಾವೇರಿ ನೀರು ಬಿಟ್ಟಾಗ ಸಂಪಿನಿಂದ ಎಮ್ಮೆ ನರಳಿದ ಹಾಗೆ ಸದ್ದು. ಸಂಪು ತುಂಬುತ್ತಾ ಬಂದಂತೆ ಫ್ಲೋಟ್ ವಾಲ್ವು ಸಣ್ಣ ಸಂದಿಯಷ್ಟೇ ತೆರೆದಿರುತ್ತದೆ. ನೀರಿನ ಅಲೆಗೆ ಚೆಂಡು ಕುಣಿಯುತ್ತದೆ, ವಾಲ್ವು ತೆರೆದು ಮುಚ್ಚಿ ಮಾಡುತ್ತದೆ, ಇಡೀ ಪೈಪು ನಡುಗುತ್ತದೆ. ಚೆಂಡನ್ನು ಕೋಲಿನಿಂದ ಮೆಲ್ಲಗೆ ಎತ್ತಿ ಹಿಡಿಯಿರಿ. ಸದ್ದು ನಿಂತರೆ ಕಳ್ಳ ಸಿಕ್ಕಿದ. ವಾಷರ್ ಬದಲಿಸಿ, ನೀರು ಬರುವ ಕಡೆಯ ಗೇಟ್ ವಾಲ್ವ್ ಸ್ವಲ್ಪ ಮುಚ್ಚಿ. ಇದನ್ನೆಲ್ಲ ಮೇಲಿಂದಲೇ ಮಾಡಿ. ಮುಚ್ಚಿಟ್ಟಿದ್ದ ಸಂಪಿನೊಳಗೆ ಒಬ್ಬರೇ ಇಳಿಯಲೇಬೇಡಿ, ಒಳಗೆ ಉಸಿರಾಡಲು ಗಾಳಿ ಇರದೇ ಹೋಗಬಹುದು.

ಪಂಪ್ ಓಡುವಾಗ ಜಲ್ಲಿ ಅರೆದ ಹಾಗೆ ಗರಗರ ಎಂದರೆ ಅದಕ್ಕೆ ನೀರು ಸಾಲುತ್ತಿಲ್ಲ ಎಂದರ್ಥ. ನೀರಿನಲ್ಲಿ ಮುಳುಗಿರುವ ಪೈಪಿನ ತುದಿಯ ಫುಟ್ ವಾಲ್ವಿಗೆ ಕಸ ಕಟ್ಟಿದೆ, ಅಥವಾ ಹೀರುವ ಪೈಪಿನ ಜಾಯಿಂಟು ಗಾಳಿ ಎಳೆಯುತ್ತಿದೆ. ಪಂಪ್ ನೀರನ್ನು ಎಳೆಯುತ್ತದೆ ಎಂದು ನಾವು ಹೇಳುತ್ತೇವೆ, ನಿಜವಾಗಿ ತಳ್ಳುವುದು ಹೊರಗಿನ ಗಾಳಿ. ಮಂಗಳೂರಿನಲ್ಲಿ ಅದು ಹೆಚ್ಚೆಂದರೆ 10.3 ಮೀಟರ್ ಎತ್ತರಕ್ಕೆ ತಳ್ಳಬಲ್ಲದು. ಸಮುದ್ರದಿಂದ ಸುಮಾರು 920 ಮೀಟರ್ ಎತ್ತರದ ಬೆಂಗಳೂರಿನಲ್ಲಿ 9.2ರಷ್ಟು. ಕೆಲಸದಲ್ಲಿ ನೀರಿನಿಂದ ಪಂಪಿಗೆ ಇರುವ ಎತ್ತರ 6 ಮೀಟರ್ ದಾಟದಿದ್ದರೆ ಒಳ್ಳೆಯದು.

ಗೀಸರಿನ ಕೊತಕೊತ ಬೋರ್‌ವೆಲ್ ನೀರಿನ ಮನೆಗಳಲ್ಲಿ ಜಾಸ್ತಿ. ಕುಡಿಯುವ ನೀರಿನ ಗಡಸುತನಕ್ಕೆ ಭಾರತೀಯ ಮಾನಕ ಹೇಳುವ ಮಿತಿ ಲೀಟರಿಗೆ 200 ಮಿಲಿಗ್ರಾಂ, ಬೇರೆ ನೀರೇ ಇಲ್ಲದಿದ್ದರೆ 600. ಗಡಸು ನೀರಿನ ಸುಣ್ಣ ಕಾಯಿಲ್ ಮೇಲೆ ಕಟ್ಟುತ್ತದೆ. ಅದರ ಅಡಿಯಲ್ಲಿ ಸಿಕ್ಕಿಕೊಂಡ ನೀರು ಕುದಿದು ಸಿಡಿಯುತ್ತದೆ. ಬಿಚ್ಚಿ ಸುಣ್ಣ ತೆಗೆಸಬೇಕು. ಸೇಫ್ಟಿ ವಾಲ್ವಿನಿಂದ ಬಿಸಿಯಾಗುವಾಗ ಹನಿ ಬೀಳುವುದು ಸಹಜ, ಅದಕ್ಕೆ ಪ್ಲಗ್ ಹಾಕಬೇಡಿ. ಆವಿ ಬುಸ್ ಎಂದು ಬಂದರೆ ಮಾತ್ರ ಮೊದಲು ಸ್ವಿಚ್ ಆಫ್, ಮಿಕ್ಕಿದ್ದು ಆಮೇಲೆ.

ಗೊಳಗೊಳ: ಬೇರೆಯವರು ನೀರು ಬಿಟ್ಟಾಗ

ಇಲ್ಲಿ ಕೇಳಬೇಕಾದ್ದು ಒಂದೇ. ಸಿಂಕು ತನ್ನದೇ ನೀರಿಗೆ ಗೊಳಗೊಳ ಅನ್ನುತ್ತಾ, ಇನ್ನೊಂದರ ನೀರಿಗಾ? ತನ್ನದೇ ನೀರಿಗಾದರೆ ಅದರ ಟ್ರ್ಯಾಪಿನಲ್ಲೇ (ಅಡಿಯಲ್ಲಿ ನೀರು ನಿಲ್ಲುವ ಬಾಗಿದ ಭಾಗ) ಕಸ ಹುಡುಕಿ. ಮೆಷಿನ್ ನೀರು ಬಿಟ್ಟಾಗ ಬಚ್ಚಲುಮನೆ ನೆಲದ ನಹಾನಿ ಟ್ರ್ಯಾಪ್ ಗುಳುಗುಟ್ಟಿದರೆ, ಇಬ್ಬರೂ ಹಂಚಿಕೊಂಡ ಲೈನು ಅರ್ಧ ಕಟ್ಟಿದೆ, ಇಲ್ಲವೇ ಮೇಲೆ ಗಾಳಿ ಪೈಪು ಮುಚ್ಚಿದೆ. ಟ್ರ್ಯಾಪಿನಲ್ಲಿ ನಿಲ್ಲುವ 50 ಮಿಲಿಮೀಟರ್ ನೀರೇ ಮೋರಿ ವಾಸನೆಯನ್ನು ತಡೆಯುವ ಬಾಗಿಲು. ಗಾಳಿ ಸಿಗದೆ ಲೈನು ಆ ನೀರನ್ನೇ ಹೀರಿಕೊಳ್ಳುತ್ತದೆ. ಸದ್ದಿನ ಹಿಂದೆಯೇ ವಾಸನೆಯೂ ಬಂದರೆ ಅನುಮಾನವೇ ಬೇಡ, ತಾರಸಿಗೆ ಹತ್ತಿ. ಪೈಪಿನ ಬಾಯಲ್ಲಿ ಗೂಡೋ ಎಲೆಯೋ ಸಿಗುತ್ತದೆ. ಸೊಳ್ಳೆ ಬರುತ್ತೆ ಅಂತ ಯಾರೋ ಕ್ಯಾಪ್ ಹಾಕಿರುವುದೂ ಉಂಟು.

ಸುಯ್: ಯಾರೂ ಮುಟ್ಟದೇ ಇದ್ದಾಗ

ಸಾಮಾನ್ಯವಾಗಿ ಫ್ಲಶ್ ಟ್ಯಾಂಕ್. ಬಟ್ಟೆಗೆ ಹಾಕುವ ನೀಲಿ ಎರಡು ಹನಿ ಟ್ಯಾಂಕಿಗೆ ಬಿಟ್ಟು ಅರ್ಧ ಗಂಟೆ ಫ್ಲಶ್ ಮಾಡಬೇಡಿ. ಕಮೋಡಿನಲ್ಲಿ ನೀಲಿ ಕಂಡರೆ ಒಳಗಿನ ರಬ್ಬರ್ ಹೋಗಿದೆ.

ಅಭ್ಯಾಸಕ್ಕೊಂದು. ಮನೆಯಲ್ಲಿ ಪ್ರೆಶರ್ ಪಂಪ್ ಇದೆ. ಎಲ್ಲರೂ ಮಲಗಿದ್ದಾರೆ. ಆದರೂ ಹತ್ತು ನಿಮಿಷಕ್ಕೊಮ್ಮೆ ಪಂಪ್ ಎರಡು ಸೆಕೆಂಡು ಗುರ್ ಎಂದು ನಿಲ್ಲುತ್ತದೆ. ಪಂಪ್ ಕೆಟ್ಟಿದೆ, ಹೊಸದು ಹಾಕಿಸಿ ಎಂದು ಅಂಗಡಿಯವರು ಹೇಳಿದ್ದಾರೆ. ನೀವೇನು ಮಾಡುತ್ತೀರಿ?

ನಾನಾದರೆ ಮೊದಲು ಒಂದೊಂದೇ ಬಚ್ಚಲುಮನೆಯ ವಾಲ್ವು ಮುಚ್ಚಿ ಇಪ್ಪತ್ತು ನಿಮಿಷ ಕಾಯುತ್ತೇನೆ. ಯಾವುದನ್ನು ಮುಚ್ಚಿದಾಗ ಗುರ್ ನಿಲ್ಲುತ್ತದೋ ಸೋರಿಕೆ ಅಲ್ಲಿದೆ, ನೀಲಿ ತೆಗೆದುಕೊಂಡು ಅಲ್ಲಿನ ಫ್ಲಶ್ ನೋಡುತ್ತೇನೆ. ಎಲ್ಲ ಮುಚ್ಚಿದರೂ ಗುರ್ ಎಂದರೆ, ಬಹುಶಃ ಒತ್ತಡ ಹಿಂದಕ್ಕೆ ಟ್ಯಾಂಕಿನ ಕಡೆ ಸೋರುತ್ತಿದೆ. ಆಗ ಬದಲಿಸಬೇಕಾದ್ದು ಪಂಪ್ ಅಲ್ಲ, ಅದರ ಪಕ್ಕದ ಎನ್‌ಆರ್‌ವಿ, ಅಂದರೆ ನೀರನ್ನು ಹಿಂದಕ್ಕೆ ಬಿಡದ ವಾಲ್ವು.