ಮೊದಲು ಬಸ್ ಟೈಮ್ ಕೇಳುತ್ತೇನೆ

ಶಾಲೆಗಳಿಗೆ ಹೋಗಿ ಮುಂದಿನ ಓದಿನ ಬಗ್ಗೆ ಕೌನ್ಸೆಲಿಂಗ್ ಮಾಡುವವನು ನಾನು. ‘ಮುಂದೆ ಏನಾಗ್ತೀರಿ?’ ಎಂದು ಹತ್ತನೇ ಕ್ಲಾಸಿನ ಮಕ್ಕಳನ್ನು ಕೇಳುವುದನ್ನೇ ಬಿಟ್ಟಿದ್ದೇನೆ. ಜಗಳೂರು ಕಡೆ ಕೇಳಿದರೂ ದಾವಣಗೆರೆ ಪೇಟೆಯಲ್ಲಿ ಕೇಳಿದರೂ ಉತ್ತರ ಅದೇ. ಡಾಕ್ಟರ್, ಇಂಜಿನಿಯರ್, ಪೊಲೀಸ್, ಟೀಚರ್. ಅವರದ್ದೇನೂ ತಪ್ಪಿಲ್ಲ. ದಾವಣಗೆರೆಗೆ ಬಂದರೆ ಕಣ್ಣಿಗೆ ಬೀಳುವುದು ಜೆಜೆಎಂ ಮೆಡಿಕಲ್ ಕಾಲೇಜು, ಇಂಜಿನಿಯರಿಂಗ್ ಕಾಲೇಜುಗಳಾದ ಬಿಐಇಟಿ, 1951ರಿಂದ ಇರುವ ಯುಬಿಡಿಟಿ. ಕಂಡದ್ದನ್ನು ಹೇಳುತ್ತಾರೆ.

ಈಗ ನನ್ನ ಮೊದಲ ಪ್ರಶ್ನೆ, ‘ನಿಮ್ಮೂರಿಗೆ ಮೊದಲ ಬಸ್ ಎಷ್ಟೊತ್ತಿಗೆ?’ ಮಕ್ಕಳು ನಗುತ್ತಾರೆ. ಆದರೆ ಹೆಣ್ಣುಮಕ್ಕಳ ಓದು ಎಷ್ಟೋ ಸಲ ನಿಲ್ಲುವುದು ಅಲ್ಲೇ. 2023ರಲ್ಲಿ ಶಕ್ತಿ ಯೋಜನೆ ಬಂತು, ಸರ್ಕಾರಿ ಬಸ್ಸಿನಲ್ಲಿ ಅವರಿಗೆ ಟಿಕೆಟ್ ದುಡ್ಡಿಲ್ಲ. ಆದರೆ ಈ ಕಡೆ ಹಳ್ಳಿಗಳಿಗೆ ಖಾಸಗಿ ಬಸ್ಸೇ ಜಾಸ್ತಿ. ಅಲ್ಲಿ ದುಡ್ಡು ಕೊಡಲೇಬೇಕು.

ಶಾಲೆ ನನಗೆ ಕೊಡುವುದು ಒಂದು ಪೀರಿಯಡ್. ಅದೂ ಪರೀಕ್ಷೆ ತಲೆ ಮೇಲಿರುವಾಗ, ಎರಡೂ ಸೆಕ್ಷನ್ ಸೇರಿಸಿ ಕೂರಿಸಿ. ಹೆಡ್‌ಮಾಸ್ಟರ್‌ಗೆ ರಿಸಲ್ಟಿನ ಚಿಂತೆ, ಅವರನ್ನು ದೂರಲಾರೆ. ಆದರೆ ಮಗುವಿಗೆ ನಿಜವಾಗಿ ಸಲಹೆ ಬೇಕಾಗುವುದು ರಿಸಲ್ಟ್ ಬಂದ ವಾರ. ಆಗ ಶಾಲೆಗೆ ಬೇಸಿಗೆ ರಜೆ!

ಮಾಹಿತಿಯೂ ತಲುಪಿರುವುದಿಲ್ಲ. ಬಿಎಸ್ಸಿ ಅಗ್ರಿಯಲ್ಲಿ ರೈತರ ಮಕ್ಕಳಿಗೆ ಬೇರೆ ಸೀಟುಗಳಿವೆ, ಅದಕ್ಕೆ ಪ್ರಾಕ್ಟಿಕಲ್ ಪರೀಕ್ಷೆ ಇದೆ ಎಂಬುದು ಮೆಕ್ಕೆಜೋಳ ಬೆಳೆಯುವ ಮನೆಯಲ್ಲೇ ಗೊತ್ತಿಲ್ಲ. ಇರಲಿ, ಮಾಹಿತಿ ಹೇಳಿಬಿಡಬಹುದು. ಕಷ್ಟ ಏನೆಂದರೆ, ನಾನು ಮಾತಾಡುವುದು ಮಗುವಿನ ಹತ್ತಿರ, ತೀರ್ಮಾನ ಮಾಡುವವರು ಅಲ್ಲಿರುವುದೇ ಇಲ್ಲ.

ಹೋದ ವರ್ಷ ಒಬ್ಬ ಹುಡುಗ ಸಿಕ್ಕಿದ್ದ. ಬೋರ್‌ವೆಲ್ ಮೋಟರ್ ಸುಟ್ಟರೆ ವೈಂಡಿಂಗ್ ಅಂಗಡಿಯಲ್ಲಿ ಇಡೀ ದಿನ ಕೂತು ನೋಡುವವನು. ಅವನಿಗೆ ಡಿಪ್ಲೊಮಾ ಮಾಡುವಾಸೆ. ಅಪ್ಪ ಸೈನ್ಸ್ ಪಿಯುಸಿಗೇ ಹಚ್ಚುತ್ತೇನೆ ಅಂತ ಹಟ ಹಿಡಿದಿದ್ದರು. ರಜೆಯಲ್ಲಿ ಅವರ ಮನೆಗೇ ಹೋದೆ.

‘ಡಿಪ್ಲೊಮಾ ಮಾಡಿದ್ರೆ ಓದು ಅಲ್ಲಿಗೇ ಮುಗೀತಲ್ವಾ ಸರ್?’ ಎಂದರು.

ಇಲ್ಲ ಯಜಮಾನ್ರೇ, ಪಾಲಿಟೆಕ್ನಿಕ್ ಮೂರು ವರ್ಷ. ಆಮೇಲೆ ಡಿಪ್ಲೊಮಾ ಮುಗಿಸಿದವರ ಪ್ರವೇಶ ಪರೀಕ್ಷೆ ಡಿಸಿಇಟಿ ಬರೆದು ಸೀಟು ಸಿಕ್ಕರೆ ನೇರ ಬಿಇ ಎರಡನೇ ವರ್ಷಕ್ಕೆ, ಅಲ್ಲಿ ಇನ್ನು ಮೂರು ವರ್ಷ ಎಂದೆ. ಪಿಯುಸಿ ಎರಡು, ಬಿಇ ನಾಲ್ಕು. ಅವರು ಬೆರಳು ಮಡಚಿ ಎಣಿಸಿದರು. ‘ಎರಡೂ ಆರೇ ಆಯ್ತಲ್ಲ!’

ಡಿಪ್ಲೊಮಾದಿಂದ ಹೋದವರಿಗೆ ಬಿಇ ಗಣಿತ ಸ್ವಲ್ಪ ತ್ರಾಸು ಕೊಡುತ್ತದೆ ಎಂಬುದನ್ನೂ ಮುಚ್ಚಿಡಲಿಲ್ಲ. ಆದರೆ ಮೂರು ವರ್ಷಕ್ಕೇ ಓದು ನಿಲ್ಲಿಸಬೇಕಾಗಿ ಬಂದರೂ ಕೈಯಲ್ಲೊಂದು ಕಸುಬಿನ ಸರ್ಟಿಫಿಕೇಟ್ ಇರುತ್ತದೆ. ಬರೀ ಪಿಯುಸಿಗೆ ಅಷ್ಟು ಬೆಲೆ ಇಲ್ಲ.

ಅವರು ಚಾ ತರಿಸಿದರು. ‘ನಿಮ್ಮ ಲೆಕ್ಕ ಸರಿ ಐತಿ ಸರ್. ಬೆಂಗಳೂರಾಗೆ ನಮ್ಮ ದೊಡ್ಡಳಿಯ ಅದಾನೆ, ಅವನ್ನೊಂದು ಮಾತು ಕೇಳಿ ಹೇಳ್ತೀನಿ.’

ಅಳಿಯನ ನಂಬರ್ ಬರೆದುಕೊಂಡೆ. ಆ ಸಂಜೆ ನನ್ನ ಕೌನ್ಸೆಲಿಂಗ್ ನಡೆದದ್ದು ಅವರ ಜೊತೆ, ಫೋನಿನಲ್ಲಿ.