ಕೋಳಿ ನಿದ್ದೆ ಕಲಿತ ಕಂಪ್ಯೂಟರ್‌ಗಳ ಕಥೆ

ಗೋಡೆ ಗಡಿಯಾರಕ್ಕೆ ಹಾಕ್ತೀವಲ್ಲ ಪೆನ್ಸಿಲ್ ಸೆಲ್, ಅಂಥವು ಎರಡು ಹಾಕಿ ಒಂದು ವೈರ್‌ಲೆಸ್ ಸೆನ್ಸರ್‌ನ ಹೊಲದಲ್ಲಿ ನೆಟ್ಟು ಬಂದ್ರೆ ಎಷ್ಟು ದಿನ ಬಾಳತ್ತೆ? ಸಿಸಿ2420 ಅಂತ ಒಂದು ರೇಡಿಯೋ ಚಿಪ್ ಇದೆ, 2000ರ ದಶಕದ ರಿಸರ್ಚ್‌ನಲ್ಲಿ ತುಂಬಾ ಬಳಸಿದ್ದು. ಅದು ಮಾತಾಡುವಾಗ 17.4 ಮಿಲಿಆಂಪ್ ತಿನ್ನತ್ತೆ, ಸುಮ್ನೆ ಕಿವಿಗೊಟ್ಟು ಕೂತಾಗ 18.8. ಉಲ್ಟಾ ಬರೆದಿಲ್ಲ, ಕೇಳಿಸ್ಕೊಳ್ಳೋದೇ ದುಬಾರಿ. ಸೆಲ್ಲು 2500 ಮಿಲಿಆಂಪ್-ಅವರ್‌ದು ಅಂತಿಟ್ಕೊಂಡ್ರೂ ಐದೂವರೆ ದಿನಕ್ಕೆ ಖಾಲಿ.

ಕನಸು ಕಂಡೋರಿಗೆ ಈ ತಲೆನೋವು ಇರ್ಲಿಲ್ಲ ಬಿಡಿ. ಜೆರಾಕ್ಸ್ ಪಾರ್ಕ್ ಲ್ಯಾಬ್‌ನ ಮಾರ್ಕ್ ವೈಸರ್ 1988ರಿಂದ್ಲೇ ಹೇಳ್ತಾ ಬಂದ್ರು, ಕಂಪ್ಯೂಟರ್ ಕಣ್ಣಿಗೆ ಕಾಣದ ಹಾಗೆ ಸುತ್ತಲಿನ ವಸ್ತುಗಳಲ್ಲೇ ಕರಗಿಹೋಗ್ಬೇಕು ಅಂತ. ಆಮೇಲೆ 90ರ ದಶಕದ ಕೊನೆಗೆ ಅಮೆರಿಕದ ಬರ್ಕ್ಲಿ ವಿಶ್ವವಿದ್ಯಾಲಯದ ಕ್ರಿಸ್ ಪಿಸ್ಟರ್ 'ಸ್ಮಾರ್ಟ್ ಡಸ್ಟ್' ಅಂದ್ರು, ಧೂಳಿನ ಕಣದಷ್ಟು ಕಂಪ್ಯೂಟರ್, ಅದಕ್ಕೆ ಅಮೆರಿಕದ ರಕ್ಷಣಾ ಇಲಾಖೆಯ ದುಡ್ಡೂ ಸಿಕ್ತು. ಕೈಗೆ ಬಂದಿದ್ದು ಧೂಳಲ್ಲ, 512 ಬೈಟ್ ರ‍್ಯಾಮ್ ಇರೋ ಪುಟ್ಟ ಬೋರ್ಡು. ಯೂನಿಕೋಡ್ ಕನ್ನಡದಲ್ಲಿ ಒಂದೊಂದು ಚಿಹ್ನೆಗೂ ಸಾಮಾನ್ಯವಾಗಿ 3 ಬೈಟ್ ಬೇಕು, ಅಂದ್ರೆ ಈ ಪ್ಯಾರಾನೇ ಅದ್ರಲ್ಲಿ ಹಿಡಿಸಲ್ಲ!

ಅಷ್ಟರಲ್ಲೇ ಸಂಸಾರ ಮಾಡೋಕೆ ಡೇವಿಡ್ ಕಲ್ಲರ್, ಜೇಸನ್ ಹಿಲ್ ಮುಂತಾದವ್ರು ಟೈನಿಓಎಸ್ ಅನ್ನೋ ಪುಟ್ಟ ಆಪರೇಟಿಂಗ್ ಸಿಸ್ಟಮ್ ಬರೆದ್ರು. ಕೆಲಸ ಇದ್ರೆ ಮುಗಿಸು, ಇಲ್ದಿದ್ರೆ ಮಲ್ಕೋ, ಅಷ್ಟೇ ಅದರ ನಿಯಮ. ಸ್ವೀಡನ್‌ನಲ್ಲಿ ಆಡಮ್ ಡಂಕೆಲ್ಸ್ ಮಾಡಿದ ಕಾಂಟಿಕಿ ಅನ್ನೋ ಇಂಥದ್ದೇ ಇನ್ನೊಂದು ಸಿಸ್ಟಮ್ಮೂ ಅದೇ ಕಾಲದ್ದು, ಮಾಮೂಲಿ ಸಿ ಭಾಷೇಲೇ ಬರೀಬಹುದಿತ್ತಾದ್ರಿಂದ ಜನಕ್ಕೆ ಹಿಡಿಸ್ತು.

ಆದ್ರೆ ಪ್ರೊಸೆಸರ್ ಮಲಗಿದ್ರೆ ಸಾಲ್ದು, ರೇಡಿಯೋನೂ ಮಲಗ್ಬೇಕು, ಕರೆಯೋನೂ ಕೇಳೋನೂ ಇಬ್ರೂ ಮಲಗಿದ್ರೆ ಮಾತಾಡೋದು ಯಾವಾಗ? ರೇಡಿಯೋ ಯಾವಾಗ ಏಳ್ಬೇಕು ಅಂತ ಹೇಳೋ ನಿಯಮಗಳು ಬಂದ್ವು. 2002ರ ಎಸ್-ಮ್ಯಾಕ್‌ನಲ್ಲಿ ಅಕ್ಕಪಕ್ಕದ ಸೆನ್ಸರ್‌ಗಳೆಲ್ಲ ಟೈಮ್ ಹೊಂದಿಸ್ಕೊಂಡು ಒಟ್ಟಿಗೆ ಏಳ್ತಿದ್ವು. 2004ರ ಬಿ-ಮ್ಯಾಕ್ ನನಗೆ ಹೆಚ್ಚು ಇಷ್ಟ, ಅದು ಶುದ್ಧ ಕೋಳಿ ನಿದ್ದೆ: ಆಗಾಗ ಒಂದು ಕಣ್ಣು ತೆರೆದು ಗಾಳೀಲಿ ಏನಾದ್ರೂ ಸದ್ದಿದೆಯಾ ನೋಡೋದು, ಇಲ್ಲಾಂದ್ರೆ ಮತ್ತೆ ನಿದ್ದೆ. ಕರೆಯೋನು ಮಾತ್ರ ಆ ನಿದ್ದೆಗಿಂತ ಉದ್ದಕ್ಕೆ ರಾಗ ಎಳೆದು ಕೂಗ್ಬೇಕು, ಆಗ ಕೇಳೋನು ಯಾವಾಗ ಎದ್ರೂ ಕಿವಿಗೆ ಬಿದ್ದೇ ಬೀಳತ್ತೆ.

ಲ್ಯಾಬ್ ದಾಟಿ ಹೊಲಕ್ಕೆ ಬಂದಾಗ ಕಥೆ ಬೇರೆ. ಬೆಂಗಳೂರಿನ ಐಐಎಸ್‌ಸಿಯವ್ರು ಸ್ವಿಟ್ಜರ್ಲೆಂಡ್‌ನ ಇಪಿಎಫ್‌ಎಲ್ ವಿಶ್ವವಿದ್ಯಾಲಯದ ಜೊತೆ ಸೇರಿ ಪಾವಗಡ ತಾಲ್ಲೂಕಿನ ಚೆನ್ನಕೇಶವಪುರದಲ್ಲಿ, ಮಳೆ ನಂಬ್ಕೊಂಡ ಹೊಲಗಳಲ್ಲಿ, ಮಣ್ಣಿನ ತೇವ ಅಳೆಯೋ ಜಾಲ ಹಾಕಿದ್ದು ಆ ದಿನಗಳಲ್ಲೇ. ನೆದರ್ಲೆಂಡ್ಸ್‌ನಲ್ಲಿ 2005ರಲ್ಲಿ ಆಲೂಗಡ್ಡೆ ಹೊಲಕ್ಕೆ ನೂರರಷ್ಟು ಸೆನ್ಸರ್ ನೆಟ್ರು, ನಮ್ಮ ಹಾಸನದ ರೈತರಿಗೂ ಚೆನ್ನಾಗಿ ಗೊತ್ತಿರೋ ಅಂಗಮಾರಿ ರೋಗದ ಮುನ್ಸೂಚನೆಗೆ. ಸಾಫ್ಟ್‌ವೇರ್ ಒಂದಾದ್ಮೇಲೊಂದು ಕೈಕೊಡ್ತು, ಕೊನೆಗೆ ಸಿಕ್ಕಿದ್ದು ಬರಬೇಕಿದ್ದ ಡೇಟಾದಲ್ಲಿ ಬರೀ 2 ಪರ್ಸೆಂಟ್. ಅದನ್ನ ಮುಚ್ಚಿಡದೆ ಪೇಪರ್ ಬರೆದ್ರಲ್ಲ, ಅದಕ್ಕೆ ಭೇಷ್ ಅನ್ಬೇಕು.

ಈಗ ಬಾಗಿಲಿಗೆ ಅಂಟಿಸೋ ಸೆನ್ಸರ್‌ಗೆ ಥ್ರೆಡ್ ಅನ್ನೋ ಮನೆ ಸಾಧನಗಳ ವೈರ್‌ಲೆಸ್ ಜಾಲದ ಸ್ಟ್ಯಾಂಡರ್ಡ್‌ನಲ್ಲಿ ಇಟ್ಟಿರೋ ಹೆಸರೇ 'ಸ್ಲೀಪಿ ಎಂಡ್ ಡಿವೈಸ್', ತೂಕಡಿಸೋ ಯಂತ್ರ. ಅದರ 'ಪೇರೆಂಟ್' ಅಂದ್ರೆ ಕರೆಂಟಿಗೆ ಹಾಕಿರೋ ಪ್ಲಗ್ಗೋ ಬಲ್ಬೋ, ರಾತ್ರಿಯಿಡೀ ಎಚ್ಚರ ಇರತ್ತೆ, ಮಗು ಎದ್ದು "ನಂಗೇನಾದ್ರೂ ಬಂತಾ?" ಅಂತ ಕೇಳಿ ಮತ್ತೆ ಮಲಗತ್ತೆ. ಬಿಲ್ ಉಳಿಸೋಕೆ ಅಂತ ಅಮ್ಮ ಆ ಬಲ್ಬಿನ ಸ್ವಿಚ್ ಆಫ್ ಮಾಡಿದ್ರೆ ಮಾತ್ರ ಪಾಪ, ಅದು ನಿದ್ದೆ ಕೆಡಿಸ್ಕೊಂಡು ಬೇರೆ ಅಪ್ಪ-ಅಮ್ಮನ್ನ ಹುಡುಕ್ಬೇಕು.