ಗುಡ್ಡಕ್ಕೆ ಅಂಜದ ರೈಲು ತಿರುವಿಗೆ ಅಂಜುತ್ತದೆ

ಫ್ರಾನ್ಸಿನ ಪ್ಯಾರಿಸ್ ಮತ್ತು ಲಿಯಾನ್ ನಗರಗಳ ನಡುವೆ ಬರ್ಗಂಡಿಯ ಗುಡ್ಡಗಳು ಅಡ್ಡ ಮಲಗಿವೆ. ಉಗಿಬಂಡಿಯ ಕಾಲದಲ್ಲಿ ಅಲ್ಲಿ ಹಳಿ ಹಾಸಿದವರಿಗೆ ಏರು ಎಂದರೆ ಭಯ. ಸಾವಿರ ಮೀಟರ್ ಓಟಕ್ಕೆ ಎಂಟು ಮೀಟರಿಗಿಂತ ಹೆಚ್ಚು ಹತ್ತಿಸಲು ಅವರು ಒಪ್ಪಲಿಲ್ಲ. ಹಾಗಾಗಿ ನದಿಗಳ ಬೆನ್ನು ಹಿಡಿದರು. ಕಣಿವೆ ಬಳುಕಿದ ಕಡೆಯಲ್ಲೆಲ್ಲ ಹಳಿಯೂ ಬಳುಕಿತು. ಡಿಜಾನ್ ನಗರಕ್ಕೆ ಮೊದಲು, ಕಣಿವೆ ಕೈಬಿಟ್ಟ ಜಾಗದಲ್ಲಿ, ಬ್ಲೇಜಿ-ಬಾ ಎಂಬ ಊರಿನ ಬಳಿ ನಾಲ್ಕು ಕಿ.ಮೀ. ಉದ್ದದ ಸುರಂಗ ಕೊರೆದರು. ಹೀಗೆ ಸುತ್ತಿ ಬಳಸಿ ಲಿಯಾನ್ ಮುಟ್ಟುವಷ್ಟರಲ್ಲಿ ದಾರಿ 512 ಕಿ.ಮೀ. ಆಗಿತ್ತು.

1981ರ ಸೆಪ್ಟೆಂಬರಿನಲ್ಲಿ ತೆರೆದ ಹೊಸ ಮಾರ್ಗ ಅದೇ ನಾಡನ್ನು ಒಂದೇ ಒಂದು ಸುರಂಗವೂ ಇಲ್ಲದೆ ದಾಟುತ್ತದೆ. ಗುಡ್ಡ ಎದುರಾದರೆ ಹತ್ತುತ್ತದೆ, ಆಚೆಗೆ ಇಳಿಯುತ್ತದೆ. ಕೆಲವು ಕಡೆ ಸಾವಿರ ಮೀಟರಿಗೆ 35 ಮೀಟರ್ ಏರು, ಅಂದರೆ ಹಳೆಯ ಮಾರ್ಗದ ನಾಲ್ಕು ಪಟ್ಟಿಗೂ ಹೆಚ್ಚು ಕಡಿದು. ಫ್ರಾನ್ಸಿನ ಟಿಜಿವಿ ಎಂಬ ಈ ವೇಗದ ರೈಲಿನ ಬಗ್ಗೆ ಮಾತು ಬಂದಾಗ ಎಲ್ಲರೂ ಅದರ ಚೂಪು ಮೂತಿಯನ್ನು, ಎಂಜಿನ್ನಿನ ಬಲವನ್ನು ಹೊಗಳುತ್ತಾರೆ. ನನ್ನನ್ನು ಬೆರಗುಗೊಳಿಸುವುದು ಅದು ಓಡುವ ಆ ಹಳಿ, ಗುಡ್ಡದ ಮೇಲೆ ಅಷ್ಟು ನಿಶ್ಚಿಂತೆಯಿಂದ ಸಾಗುವ ಹಳಿ.

ಈ ನಿಶ್ಚಿಂತೆ ಎಲ್ಲಿಂದ ಬಂತು? ಒಂದು ಸಣ್ಣ ಲೆಕ್ಕ ಸಾಕು. ಓಡುವ ವಸ್ತುವಿನ ಚಲನಶಕ್ತಿ ವೇಗದ ವರ್ಗಕ್ಕೆ ತಕ್ಕಂತೆ ಬೆಳೆಯುತ್ತದೆ; ವೇಗ ಎರಡು ಪಟ್ಟಾದರೆ ಶಕ್ತಿ ನಾಲ್ಕು ಪಟ್ಟು. ಗಂಟೆಗೆ 100 ಕಿ.ಮೀ. ವೇಗದಲ್ಲಿರುವ ರೈಲಿನ ಮೋಟಾರನ್ನು ಏರಿನ ಬುಡದಲ್ಲಿ ನಿಲ್ಲಿಸಿಬಿಟ್ಟರೆ, ಗಾಳಿಯ ಮತ್ತು ಗಾಲಿಯ ತಡೆಯನ್ನು ಮರೆತು ಹೇಳುವುದಾದರೆ, ಅದು ತನ್ನ ಓಟದ ಭರದಿಂದಲೇ ಸುಮಾರು 39 ಮೀಟರ್ ಎತ್ತರಕ್ಕೆ ಏರಬಲ್ಲದು. ಹೊಸ ಮಾರ್ಗದ ಮೊದಲ ರೈಲುಗಳ ವೇಗ 260 ಕಿ.ಮೀ. ಆ ವೇಗದ ರೈಲು ಅದೇ ರೀತಿ 266 ಮೀಟರ್ ಏರುತ್ತದೆ.

ಇನ್ನೊಂದು ರೀತಿಯಲ್ಲಿ ನೋಡಿ. ಅತ್ಯಂತ ಕಡಿದಾದ ಏರಿನ ಒಂದು ಕಿ.ಮೀ.ಯನ್ನು ಬರೀ ಭರದಿಂದಲೇ ಹತ್ತಬೇಕು. 260ರ ರೈಲು ಮೇಲೆ ತಲುಪಿದಾಗ ಅದರ ವೇಗ 242ಕ್ಕೆ ಇಳಿದಿರುತ್ತದೆ, ಅಷ್ಟೇ; ಒಳಗೆ ಕುಳಿತವರ ಗಮನಕ್ಕೂ ಬರುವುದಿಲ್ಲ. 100ರ ರೈಲಾದರೋ 33ಕ್ಕೆ ಕುಸಿದು ತೆವಳುತ್ತಿರುತ್ತದೆ. ಅದೇ ಗುಡ್ಡ, ಅದೇ ಎತ್ತರ. ಆಚೆ ಬದಿಯ ಇಳಿಜಾರಿನಲ್ಲಿ ಕಳೆದುಕೊಂಡ ವೇಗದ ಬಹುಪಾಲು ಮರಳಿ ದಕ್ಕುತ್ತದೆ, ಜೋಕಾಲಿಯ ಹಾಗೆ.

ಆದರೆ ಅದೇ ವೇಗದ ವರ್ಗ ತಿರುವಿನಲ್ಲಿ ರೈಲಿಗೆ ತಿರುಗಿ ಬೀಳುತ್ತದೆ. ತಿರುವಿನಲ್ಲಿ ಪಕ್ಕಕ್ಕೆ ದೂಡುವ ಬಲವೂ ವೇಗದ ವರ್ಗಕ್ಕೆ ತಕ್ಕಂತೆಯೇ ಬೆಳೆಯುವುದು. 800 ಮೀಟರ್ ತ್ರಿಜ್ಯದ ತಿರುವಿನಲ್ಲಿ 260ರ ವೇಗದಲ್ಲಿ ಹೋದರೆ, ಪ್ರಯಾಣಿಕನನ್ನು ಅವನ ತೂಕದ ಮೂರನೆಯ ಎರಡರಷ್ಟು ಬಲ ಪಕ್ಕಕ್ಕೆ ಎಳೆಯುತ್ತದೆ. ಅವನು ಕುರ್ಚಿಯಲ್ಲಿ ಉಳಿಯುವುದಿಲ್ಲ, ರೈಲು ಹಳಿಯ ಮೇಲೂ ಉಳಿಯುವುದಿಲ್ಲ. ಆದ್ದರಿಂದ ಹೊಸ ಮಾರ್ಗದ ತಿರುವುಗಳನ್ನು ಸಾಮಾನ್ಯವಾಗಿ ನಾಲ್ಕು ಕಿ.ಮೀ. ತ್ರಿಜ್ಯಕ್ಕೆ ಬಿಡಿಸಿದರು. ಹೊರಗಿನ ಹಳಿಯನ್ನು ಒಳಗಿನದಕ್ಕಿಂತ ಹೆಚ್ಚೆಂದರೆ 180 ಮಿ.ಮೀ. ಎತ್ತರಿಸಿದರು. ಆಗ ಬೋಗಿ ಒಳಬದಿಗೆ ವಾಲಿ, ಪಕ್ಕದ ಸೆಳೆತ ಹೆಚ್ಚುಕಡಿಮೆ ತೀರಿಹೋಗುತ್ತದೆ.

ಹೆಚ್ಚುಕಡಿಮೆ ಎಂದೆ, ಏಕೆಂದರೆ ಈ ವಾಲಿಕೆ ಒಂದು ವೇಗಕ್ಕೆ ಮಾತ್ರ ಸರಿಹೊಂದುತ್ತದೆ. ಅಷ್ಟು ವಾಲಿದ ಹಳಿಯ ಮೇಲೆ ಕಲ್ಲಿದ್ದಲು ಹೊತ್ತ ಸರಕು ರೈಲು ನಿಧಾನವಾಗಿ ಬಂದರೆ ಅದರ ಭಾರವೆಲ್ಲ ಒಳಗಿನ ಹಳಿಯ ಮೇಲೆ ಬಿದ್ದು ಅದನ್ನು ಸವೆಸುತ್ತದೆ. 35 ಮೀಟರಿನ ಏರನ್ನಂತೂ ಅದು ಹತ್ತಲಾರದು. ಉಕ್ಕಿನ ಗಾಲಿ ಉಕ್ಕಿನ ಹಳಿಯ ಮೇಲೆ ಜಾರಿ ನಿಂತಲ್ಲೇ ಸುತ್ತುತ್ತದೆ. ಅಂದರೆ ಸುರಂಗವಿಲ್ಲದ ನೇರ ದಾರಿಯ ಗುಟ್ಟು ಒಂದು ನಿರ್ಧಾರದಲ್ಲಿದೆ: ಇಲ್ಲಿ ಒಂದೇ ಬಗೆಯ, ಒಂದೇ ವೇಗದ ಹಗುರ ರೈಲು ಮಾತ್ರ ಓಡಬೇಕು. 1984ರಿಂದ 2015ರವರೆಗೆ ಓಡಿದ ಹಳದಿ ಬಣ್ಣದ ಅಂಚೆ ರೈಲಿಗೂ ಅದೇ ಮೈಕಟ್ಟು. ನನ್ನ ಮಟ್ಟಿಗೆ ಈ ಮಾರ್ಗದ ದೊಡ್ಡ ಆವಿಷ್ಕಾರ ಯಾವ ಯಂತ್ರವೂ ಅಲ್ಲ, ಈ ನಿರಾಕರಣೆ.

ಯಂತ್ರಗಳ ಕಥೆ ಹಾಗೆಂದು ಸಪ್ಪೆಯಲ್ಲ. 1972ರಲ್ಲಿ 318 ಕಿ.ಮೀ. ವೇಗ ಮುಟ್ಟಿದ ಮೊದಲ ಮಾದರಿ ರೈಲು ಮೇಲಿನ ತಂತಿಯ ವಿದ್ಯುತ್ತಿನಿಂದ ಓಡುವುದಲ್ಲ, ವಿಮಾನದಂತೆ ಗ್ಯಾಸ್ ಟರ್ಬೈನಿನ ಬಲದಿಂದ ಓಡುವಂಥದ್ದು. ಮರುವರ್ಷ ತೈಲದ ಬಿಕ್ಕಟ್ಟು ಬಂದು ಯೋಜನೆ ತಂತಿಯ ವಿದ್ಯುತ್ತಿಗೆ ಹೊರಳಿತು. ಆಗ ಹೊಸ ತೊಡಕು ಎದುರಾಯಿತು. ಪ್ಯಾಂಟೋಗ್ರಾಫ್, ಅಂದರೆ ವಿದ್ಯುತ್ತು ಪಡೆಯಲು ಎಂಜಿನ್ನಿನ ಚಾವಣಿಯಿಂದ ಎದ್ದು ಮೇಲಿನ ತಂತಿಯನ್ನು ಒತ್ತುತ್ತಾ ಓಡುವ ಚೌಕಟ್ಟು, ತಂತಿಯಲ್ಲಿ ಅಲೆ ಎಬ್ಬಿಸುತ್ತದೆ. ಆ ಅಲೆಯ ವೇಗಕ್ಕೆ ರೈಲಿನ ವೇಗ ತೀರಾ ಸಮೀಪಿಸಿದರೆ ತಂತಿ ಹೊಯ್ದಾಡಿ ಸಂಪರ್ಕ ತಪ್ಪುತ್ತದೆ, ಕಿಡಿ ಹಾರುತ್ತದೆ. ತಂತಿಯನ್ನು ಬಿಗಿದಷ್ಟೂ ಅಲೆ ವೇಗವಾಗಿ ಓಡುತ್ತದೆ. ವೀಣೆಯ ತಂತಿ ಬಿಗಿದಾಗ ಸ್ವರ ಏರುವುದೂ ಇದೇ ಕಾರಣಕ್ಕೆ. ರೈಲಿನ ಎರಡು ತುದಿಗಳಲ್ಲಿ ಎರಡು ಎಂಜಿನ್‌ಗಳಿದ್ದರೂ ಈ ಮಾರ್ಗದಲ್ಲಿ ಹಿಂದಿನ ಪ್ಯಾಂಟೋಗ್ರಾಫನ್ನು ಮಾತ್ರ ಎತ್ತುತ್ತಾರೆ, ಮುಂದಿನದು ಎಬ್ಬಿಸುವ ಅಲೆ ಹಿಂದಿನದನ್ನು ಕೆಡಿಸದಿರಲಿ ಎಂದು. ಮುಂದಿನ ಎಂಜಿನ್ನಿಗೆ 25,000 ವೋಲ್ಟಿನ ವಿದ್ಯುತ್ತು ಚಾವಣಿಯ ಮೇಲಿನ ಕೇಬಲ್ಲಿನಲ್ಲಿ ಹರಿದು ಬರುತ್ತದೆ.

ಸೆಕೆಂಡಿಗೆ 72 ಮೀಟರ್ ಓಡುವ ಚಾಲಕ ಹಳಿಯ ಪಕ್ಕದ ಸಿಗ್ನಲ್ ದೀಪವನ್ನು ನಂಬಿ ಕೂರುವಂತಿಲ್ಲ, ಮಂಜಿನಲ್ಲಂತೂ ಆಗದ ಮಾತು. ಇಲ್ಲಿ ದೀಪಗಳೇ ಇಲ್ಲ. ಮಾರ್ಗ ತೆರೆದಾಗಿನ ವ್ಯವಸ್ಥೆಯಲ್ಲಿ, ಹಳಿಗಳಲ್ಲಿ ಹರಿಯುವ ಸಂಕೇತವನ್ನು ರೈಲೇ ಓದಿ, ಎಷ್ಟು ವೇಗದಲ್ಲಿ ಹೋಗಬಹುದೆಂದು ಚಾಲಕನ ಮುಂದಿನ ಫಲಕದಲ್ಲಿ ತೋರಿಸುತ್ತಿತ್ತು. ಆತ ಮೀರಿದರೆ ತಾನೇ ಬ್ರೇಕ್ ಹಾಕುತ್ತಿತ್ತು.

ಬೋಗಿಗಳ ಜೋಡಣೆಯೂ ಬೇರೆ. ಅಕ್ಕಪಕ್ಕದ ಎರಡು ಬೋಗಿಗಳ ತುದಿಗಳು ಒಂದೇ ಗಾಲಿಜೋಡಣೆಯ ಮೇಲೆ ಕೂತಿರುತ್ತವೆ. ತೂಕ, ಸದ್ದು ಎರಡೂ ಕಡಿಮೆ, ಮೇಲಾಗಿ ಇಡೀ ರೈಲು ಒಂದೇ ಬೆನ್ನೆಲುಬಿನಂತೆ ಗಟ್ಟಿ. 1993ರ ಡಿಸೆಂಬರಿನಲ್ಲಿ ಉತ್ತರ ಫ್ರಾನ್ಸಿನ ಇನ್ನೊಂದು ಮಾರ್ಗದಲ್ಲಿ ಮೊದಲ ಮಹಾಯುದ್ಧ ಕಾಲದ ಕಂದಕದ ಪೊಳ್ಳು ಮಳೆಗೆ ಕುಸಿದು, 294 ಕಿ.ಮೀ. ವೇಗದಲ್ಲಿದ್ದ ಇದೇ ಮನೆತನದ ರೈಲು ಹಳಿ ತಪ್ಪಿತು. ಬೋಗಿಗಳು ಒಂದರ ಮೇಲೊಂದು ಏರಲಿಲ್ಲ, ರೈಲು ಮಗುಚಲಿಲ್ಲ. ಒಬ್ಬರೂ ಸಾಯಲಿಲ್ಲ.

1983ರಲ್ಲಿ ಮಾರ್ಗ ಪೂರ್ತಿಯಾದಾಗ ಪ್ಯಾರಿಸ್‌ನಿಂದ ಲಿಯಾನ್‌ಗೆ ಎರಡೇ ಗಂಟೆ. ಮೊದಲು ನಾಲ್ಕು ಗಂಟೆಗೆ ಸ್ವಲ್ಪ ಕಡಿಮೆ ಹಿಡಿಯುತ್ತಿತ್ತು. ನಗರಗಳ ಒಳಗೆ ಹೊಸ ಮಾರ್ಗ ಕಟ್ಟಬೇಕಾಗಲಿಲ್ಲ. ಹಳಿಗಳ ಅಗಲ ಒಂದೇ ಆದ್ದರಿಂದ ರೈಲು ಎರಡೂ ಕೊನೆಗಳಲ್ಲಿ ಹಳೆಯ ಹಳಿಗೇ ಸೇರಿ ನಗರದ ಒಳಗಿನ ನಿಲ್ದಾಣಕ್ಕೇ ಬರುತ್ತದೆ.

ಆದರೂ ಈ ನೇರ ದಾರಿ ಬಿಟ್ಟುಹೋದ ಊರುಗಳಿವೆ, ಅವನ್ನು ಮರೆತು ಲೆಕ್ಕ ಮುಗಿಸಲು ನನಗೆ ಮನಸ್ಸಾಗದು. 260ರಿಂದ ನಿಂತು ಮತ್ತೆ ಅದೇ ವೇಗಕ್ಕೆ ಏರಲು ಹಲವು ನಿಮಿಷ ಬೇಕು. ಹಾಗಾಗಿ ನಡುವೆ ಕಟ್ಟಿದ್ದು ಲ ಕ್ರೂಜೋ ಮತ್ತು ಮಾಕೋಂ ಹೆಸರಿನ ಎರಡೇ ನಿಲ್ದಾಣ, ಅವೂ ಆ ಊರುಗಳ ಹೊರಗೆ. ಒಂದು ಶತಮಾನಕ್ಕೂ ಹೆಚ್ಚು ಕಾಲ ಮುಖ್ಯ ಮಾರ್ಗದ ಮೇಲಿದ್ದ ಡಿಜಾನ್ ಪಕ್ಕಕ್ಕೆ ಸರಿಯಿತು. ಪ್ಯಾರಿಸ್‌ನಿಂದ ಅಲ್ಲಿಗೆ ಹೊರಟ ವೇಗದ ರೈಲು ಅರ್ಧ ದಾರಿಯಲ್ಲಿ ಹೊಸ ಹಳಿಯನ್ನು ಬಿಟ್ಟು ಹಳೆಯದಕ್ಕೆ ಇಳಿಯುತ್ತದೆ, ವೇಗ ತಗ್ಗಿಸುತ್ತದೆ, ಕಣಿವೆ ಬಳುಕಿದಂತೆ ತಾನೂ ಬಳುಕುತ್ತಾ ಬ್ಲೇಜಿ-ಬಾ ಸುರಂಗದ ಕತ್ತಲನ್ನು ಹೊಗುತ್ತದೆ.